‘ಕೊಲ್ಲಲಾಯಿತು’ ಅಂದರೆ ಕೊಂದವರು ಯಾರು?

ಪ್ರಿಯರೇ,

ನಮಸ್ಕಾರ. ಫ್ರಾನ್ಸಿನ ಕ್ರಾಂತಿಯ ಬಗ್ಗೆ ನೀವು ಕಳಿಸಿದ ಲೇಖನ ಓದಿದೆ. ಎರಡು ಸಲ ಓದಿದೆ. ಮೊದಲ ಸಲ ಮುಗಿಸಿದಾಗ ಸಿಟ್ಟು ಬಂತು. ಲೇಖನ ಕೆಟ್ಟದಾಗಿದ್ದಿದ್ದರೆ ಸಿಟ್ಟು ಬರುತ್ತಿರಲಿಲ್ಲ. ಎರಡು ಸಾಲು ಬರೆದು ವಾಪಸ್ ಕಳಿಸಿಬಿಡುತ್ತಿದ್ದೆ.

ಚೆನ್ನಾಗಿರುವುದನ್ನು ಮೊದಲು ಹೇಳುತ್ತೇನೆ. 1788ರ ಆಲಿಕಲ್ಲು ಮಳೆಯಿಂದ ಶುರು ಮಾಡಿ ಬ್ರೆಡ್ಡಿನ ಬೆಲೆ ಏರಿದ್ದನ್ನು ಬರೆದ ರೀತಿ ಇಷ್ಟವಾಯಿತು. ಟಿಪ್ಪುವಿನ ರಾಯಭಾರಿಗಳನ್ನು ಫ್ರಾನ್ಸಿನ ರಾಜ ಹದಿನಾರನೇ ಲೂಯಿ ವರ್ಸೇಲ್ಸ್ ಅರಮನೆಯಲ್ಲಿ ಬರಮಾಡಿಕೊಂಡದ್ದು 1788ರ ಆಗಸ್ಟ್ 10ರಂದು. ಸರಿಯಾಗಿ ನಾಲ್ಕು ವರ್ಷಕ್ಕೆ, ಅದೇ ತಾರೀಖಿನಂದು, ಪ್ಯಾರಿಸ್ಸಿನ ಜನ ಲೂಯಿ ಇದ್ದ ಟ್ವಿಲರಿ ಅರಮನೆಗೆ ನುಗ್ಗಿದರು. ಇದನ್ನು ಗಮನಿಸಿದ್ದಕ್ಕೆ ಶಹಬ್ಬಾಸ್.

ನನ್ನ ತಕರಾರು ಐದನೇ ಪುಟದ್ದು. ಅಲ್ಲಿ ನೀವು ಹೀಗೆ ಬರೆದಿದ್ದೀರಿ:

‘ಸೆರೆಮನೆಗಳಲ್ಲಿದ್ದ ಸಾವಿರಾರು ಶ್ರೀಮಂತರನ್ನು ಕೊಲ್ಲಲಾಯಿತು. ರಾಜನಿಗೆ ಮರಣದಂಡನೆ ವಿಧಿಸಲಾಯಿತು. ತಲೆಗಳು ಉರುಳಿದವು. ರೊಬೆಸ್ಪಿಯರ್ ಎಂಬ ರಾಕ್ಷಸನ ರಕ್ತದಾಹ ಇಷ್ಟಕ್ಕೇ ತೀರಲಿಲ್ಲ.’

ನಾಲ್ಕು ವಾಕ್ಯ. ಮೂರರಲ್ಲಿ ಕೆಲಸ ಮಾಡಿದವರು ಯಾರೂ ಇಲ್ಲ. ನಾಲ್ಕನೆಯದರಲ್ಲಿ ಎಲ್ಲದಕ್ಕೂ ಒಬ್ಬನೇ ಇದ್ದಾನೆ, ಕ್ರಾಂತಿಯ ಮುಂದಾಳುಗಳಲ್ಲಿ ಒಬ್ಬನಾದ ರೊಬೆಸ್ಪಿಯರ್.

ಮೊದಲ ವಾಕ್ಯ ನೋಡಿ. 1792ರ ಸೆಪ್ಟೆಂಬರ್ 2ರಿಂದ ನಾಲ್ಕೈದು ದಿನ ಪ್ಯಾರಿಸ್ಸಿನಲ್ಲಿ ನಡೆದ ಕೊಲೆಗಳ ಮಾತು ಇದು. ಸತ್ತವರು 1,100ರಿಂದ 1,400. ಅವರಲ್ಲಿ ಬಹುಪಾಲು ಸಾಮಾನ್ಯ ಕೈದಿಗಳು. ಕಳ್ಳರು, ಖೋಟಾ ನೋಟಿನವರು, ಬಿಸೆತ್ರ್ ಸೆರೆಮನೆಯಲ್ಲಂತೂ ಹದಿಹರೆಯದ ಹುಡುಗರು. ಹಾಗಾಗಿ ‘ಶ್ರೀಮಂತರು’ ಅನ್ನುವುದೇ ತಪ್ಪು. ಕೊಂದವರು ಯಾರು? ಕೈಕಸುಬಿನವರು, ಚಿಕ್ಕ ಅಂಗಡಿಯವರು, ಯುದ್ಧಕ್ಕೆ ಹೊರಟು ನಿಂತಿದ್ದ ಯುವಕರು. ಶತ್ರು ದೇಶ ಪ್ರಷ್ಯಾದ ಸೈನ್ಯ ವೆರ್ಡನ್ ಕೋಟೆಯವರೆಗೆ ಬಂದಿತ್ತು. ಗಂಡಸರು ಗಡಿಗೆ ಹೋದ ಮೇಲೆ ಕೈದಿಗಳು ಸೆರೆಮನೆ ಒಡೆದು ಬಂದು ಹೆಂಡತಿ ಮಕ್ಕಳನ್ನು ಕೊಲ್ಲುತ್ತಾರೆ ಅಂತ ಊರೆಲ್ಲ ಸುದ್ದಿ. ಸುದ್ದಿ ಸುಳ್ಳು, ಆದರೆ ಭಯ ನಿಜ.

ಅಬೇ ಸೆರೆಮನೆಯಲ್ಲಿ ಮೈಯಾರ್ ಎಂಬವನು ಮೇಜು ಹಾಕಿಕೊಂಡು, ಕೈದಿಗಳ ದಾಖಲೆ ಪುಸ್ತಕ ಮುಂದಿಟ್ಟುಕೊಂಡು ಕೂತ. ಒಬ್ಬೊಬ್ಬರನ್ನೇ ಕರೆಸಿ ವಿಚಾರಣೆ ಮಾಡಿದ. ಕೆಲವರನ್ನು ಬಿಟ್ಟುಕಳಿಸಿದ. ಸಾಯಬೇಕಾದವನಿಗೆ ‘ಸಾವು’ ಅನ್ನುವ ಮಾತು ಅಲ್ಲಿ ಯಾರೂ ಆಡಲಿಲ್ಲ. ‘ಇವನನ್ನು ಲಾ ಫೋರ್ಸ್‌ಗೆ ಕಳಿಸಿ’ ಅಂದರು. ಲಾ ಫೋರ್ಸ್ ಇನ್ನೊಂದು ಸೆರೆಮನೆ. ಕೈದಿ ಬೇರೆ ಕಡೆ ಹಾಕುತ್ತಾರೆ ಅಂದುಕೊಂಡು ಬಾಗಿಲು ದಾಟಿದ. ಹೊರಗೆ ಕತ್ತಿ, ಈಟಿ ಹಿಡಿದವರು ಕಾಯುತ್ತಿದ್ದರು. ಕೊಲ್ಲುವವರೇ ಕೊಲ್ಲುವ ಮಾತನ್ನು ಮುಚ್ಚಿಟ್ಟರು. ಇನ್ನೂರು ವರ್ಷ ಆದಮೇಲೆ ನೀವೂ ‘ಕೊಲ್ಲಲಾಯಿತು’ ಅಂತ ಬರೆದು ಅದನ್ನೇ ಮಾಡಿದರೆ ಹೇಗೆ?

ಇಷ್ಟು ಖಾರವಾಗಿ ಬರೆಯುವುದಕ್ಕೆ ಕಾರಣ ಇದೆ. ನನಗೆ ಆಗ ಇಪ್ಪತ್ತೆರಡು. ಜಿಲ್ಲಾ ಊರಿನ ಒಂದು ವಾರಪತ್ರಿಕೆಯಲ್ಲಿ ಕೆಲಸ ಕಲಿಯುತ್ತಿದ್ದೆ. ಒಂದು ಹಳ್ಳಿಯಲ್ಲಿ ಗಲಾಟೆಯಾಗಿ ಕೇರಿಯ ಮನೆಗಳು ಸುಟ್ಟುಹೋಗಿದ್ದವು. ಊರಿಗೆ ಹೋಗದೆಯೇ, ಬಸ್‌ಸ್ಟ್ಯಾಂಡಿನಲ್ಲಿ ಕೇಳಿದ್ದನ್ನು ಬರೆದೆ: ‘ಆರು ಗುಡಿಸಲುಗಳಿಗೆ ಬೆಂಕಿ ಹಚ್ಚಲಾಯಿತು.’ ನಮ್ಮ ಹಿರಿಯ ಉಪಸಂಪಾದಕರು ಕೆಂಪು ಪೆನ್ಸಿಲ್ಲಿನಲ್ಲಿ ಆ ‘ಲಾಯಿತು’ವಿಗೆ ಸುತ್ತು ಹಾಕಿದರು.

‘ಯಾರಪ್ಪಾ ಹಚ್ಚಿದ್ದು?’

‘ದುಷ್ಕರ್ಮಿಗಳು, ಸಾರ್.’

‘ಅವರಿಗೆ ಮನೆ ಇಲ್ವಾ? ಹೆಸರಿಲ್ವಾ? ಹೋಗಿ ಕೇಳ್ಕೊಂಡು ಬಾ.’

ಮಾರನೇ ದಿನ ಮೊದಲ ಬಸ್ಸಿಗೆ ಹೋದೆ. ಸುಟ್ಟ ಮನೆಯ ಮುಂದೆ ಕೂತಿದ್ದ ಒಬ್ಬ ಅಜ್ಜಿ ಬೆರಳು ಮಡಚುತ್ತಾ ಹೆಸರು ಹೇಳಿದಳು. ಅವರಲ್ಲಿ ಒಬ್ಬ ಹಿಂದಿನ ವಾರವಷ್ಟೇ ಅವಳ ಕೈಯಲ್ಲಿ ಬುಟ್ಟಿ ಹೆಣೆಸಿಕೊಂಡು ಹೋಗಿದ್ದನಂತೆ. ದುಡ್ಡು ಇನ್ನೂ ಕೊಟ್ಟಿರಲಿಲ್ಲವಂತೆ. ವಾಪಸ್ ಬರುವಾಗ ಬಸ್ಸಿನಲ್ಲಿ ಒಂದಕ್ಷರ ಬರೆಯಲು ಆಗಲಿಲ್ಲ. ಇವತ್ತಿಗೂ ‘ಹಚ್ಚಲಾಯಿತು’, ‘ಕೊಲ್ಲಲಾಯಿತು’ ಕಂಡರೆ ನನಗೆ ಆ ಸುಟ್ಟ ಸೂರಿನ ವಾಸನೆ ಬರುತ್ತದೆ.

ನಿಮ್ಮ ಎರಡನೇ ವಾಕ್ಯ ನನಗೆ ಇನ್ನೂ ಜಾಸ್ತಿ ಬೇಸರ ತಂದಿತು. ‘ವಿಧಿಸಲಾಯಿತು’! ಚರಿತ್ರೆಯಲ್ಲಿ ಇಷ್ಟು ಜನ ತಮ್ಮ ಹೆಸರು ಹೇಳಿ ಹೊಣೆ ಹೊತ್ತ ತೀರ್ಪು ಅಪರೂಪ. 1793ರ ಜನವರಿ 16ರ ಸಂಜೆ ಶುರುವಾದದ್ದು ಮರುದಿನ ಸಂಜೆಯವರೆಗೂ ನಡೆಯಿತು. ಆಗ ದೇಶ ಆಳುತ್ತಿದ್ದ ಕನ್ವೆನ್ಷನ್ ಸಭೆಯ ಸದಸ್ಯರು ಒಬ್ಬೊಬ್ಬರೇ ವೇದಿಕೆ ಹತ್ತಿ, ಎಲ್ಲರಿಗೂ ಕೇಳುವ ಹಾಗೆ ತಮ್ಮ ಮತ ಹೇಳಿದರು. ಮತ ಹಾಕಿದವರು 721. ಯಾವ ಷರತ್ತೂ ಇಲ್ಲದೆ ಸಾವು ಅಂದವರು 361. ರಾಜನ ಸ್ವಂತ ದಾಯಾದಿ, ಓರ್ಲಿಯಾನ್ ಡ್ಯೂಕ್ ಆಗಿದ್ದವನು, ಅದೇ ವೇದಿಕೆ ಹತ್ತಿ ಸಾವು ಅಂದ. ಅರಸೊತ್ತಿಗೆಯನ್ನು ವಿರೋಧಿಸುತ್ತಿದ್ದ ಲೇಖಕ, ಸಭೆಯ ಸದಸ್ಯ ಥಾಮಸ್ ಪೇನ್ ಸಾವು ಬೇಡ ಅಂದ. ಅಂಥ ರಾತ್ರಿಯನ್ನು ಮೂರು ಪದದಲ್ಲಿ ಮುಗಿಸಿದ್ದೀರಲ್ಲ, ನಿಮಗೆ ಹೇಗೆ ಮನಸ್ಸು ಬಂತು?

‘ತಲೆಗಳು ಉರುಳಿದವು’ ತೆಗೆದುಬಿಡಿ. ತಲೆ ತಾನಾಗಿ ಉರುಳುವುದಿಲ್ಲ. ತಲೆ ಕಡಿಯುವ ಯಂತ್ರ ಗಿಲೋಟಿನ್ ಕಟ್ಟಿಕೊಟ್ಟವನು ಹಾರ್ಪ್ಸಿಕಾರ್ಡ್ ವಾದ್ಯ ಮಾಡುತ್ತಿದ್ದ ತೊಬಿಯಾಸ್ ಶ್ಮಿಟ್. ನಡೆಸಿದವನು ಸ್ಯಾನ್ಸನ್, ತಲೆಮಾರುಗಳಿಂದ ಅದೇ ಕಸುಬಿನ ಮನೆತನದವನು. ಇಷ್ಟು ಸಾಕು.

ಇನ್ನು ‘ರಾಕ್ಷಸ’. ಈ ಪದ ಬಂದ ಕೂಡಲೇ ಓದುವವರು ಯೋಚನೆ ಮಾಡುವುದನ್ನು ನಿಲ್ಲಿಸುತ್ತಾರೆ. ರಾಕ್ಷಸ ಅಂದಮೇಲೆ ಕೊಲ್ಲುತ್ತಾನೆ, ಕೇಳುವುದೇನಿದೆ? ಆದರೆ 1791ರ ಮೇ ತಿಂಗಳಲ್ಲಿ ಇದೇ ರೊಬೆಸ್ಪಿಯರ್ ಮರಣದಂಡನೆಯೇ ಬೇಡ ಅಂತ ಸಭೆಯಲ್ಲಿ ವಾದಿಸಿದ್ದ. ಸಭೆ ಕೇಳಲಿಲ್ಲ. 1792ರ ಡಿಸೆಂಬರ್ ಹೊತ್ತಿಗೆ ಅವನೇ ದೇಶ ಬದುಕಬೇಕಾದರೆ ಲೂಯಿ ಸಾಯಬೇಕು ಅಂದ. ನಡುವೆ ಒಂದೂವರೆ ವರ್ಷ. ರಾಜ ಕದ್ದು ಓಡಿಹೋಗಲು ನೋಡಿ ವರೆನ್ ಎಂಬ ಊರಿನಲ್ಲಿ ಸಿಕ್ಕಿಬಿದ್ದದ್ದು, ಯುದ್ಧ, ಆಗಸ್ಟ್ 10, ಸೆಪ್ಟೆಂಬರಿನ ಕೊಲೆಗಳು ಎಲ್ಲ ಆ ನಡುವೆಯೇ. ಆ ಒಂದೂವರೆ ವರ್ಷ ನಿಮ್ಮ ಲೇಖನದ ಜೀವ. ಒಂದು ಪದ ಹಾಕಿ ಅದನ್ನು ದಾಟಿಬಿಟ್ಟಿದ್ದೀರಿ.

1794ರ ಜೂನ್ 10ರಂದು ಆರೋಪಿಗೆ ವಕೀಲರೇ ಬೇಡ ಅನ್ನುವ ಕಾನೂನು ಬಂತಲ್ಲ, ಅದನ್ನು ಸಭೆಗೆ ತಂದವನು ರೊಬೆಸ್ಪಿಯರ್‌ನ ಆಪ್ತ ಕುತೋನ್. ಅದೇ ದಿನ ಒಪ್ಪಿದ್ದು ಇಡೀ ಸಭೆ. ಮುಂದಿನ ಏಳು ವಾರದೊಳಗೆ ಪ್ಯಾರಿಸ್ಸಿನಲ್ಲೇ 1,300ಕ್ಕೂ ಹೆಚ್ಚು ಜನರ ತಲೆ ಕಡಿದರು. ಆಮೇಲೆ ಅದೇ ಸಭೆ ರೊಬೆಸ್ಪಿಯರ್‌ನನ್ನು ಜುಲೈ 28ರಂದು ಗಿಲೋಟಿನ್‌ಗೆ ಕಳಿಸಿತು. ಸಭೆಯಲ್ಲಿ ಕೈ ಎತ್ತಿದವರೆಲ್ಲ ಆ ‘ರಾಕ್ಷಸ’ನ ಬೆನ್ನ ಹಿಂದೆ ಅಡಗಿಕೊಂಡರು. ಅವರಿಗೆ ನೀವು ಜಾಗ ಕೊಡಬೇಡಿ.

ಉಳಿದ ಪುಟಗಳನ್ನು ನಾನು ಮುಟ್ಟುವುದಿಲ್ಲ. ಐದನೇ ಪುಟವನ್ನು ಮಾತ್ರ ಹೊಸದಾಗಿ ಬರೆಯಿರಿ. ಬೇಕಿದ್ದರೆ ಹತ್ತು ಪುಟ ಆಗಲಿ, ಜಾಗ ನಾನು ಮಾಡುತ್ತೇನೆ. ಮೈಯಾರ್‌ನ ಮೇಜಿನಿಂದ ಶುರು ಮಾಡಿ. ಇಪ್ಪತ್ತನೇ ತಾರೀಖಿನೊಳಗೆ ಕಳಿಸಿದರೆ ಮುಂದಿನ ಸಂಚಿಕೆಗೇ ತೆಗೆದುಕೊಳ್ಳುತ್ತೇನೆ.

ನಿಮ್ಮ,
ಸಂಪಾದಕ