ಜ್ವಾಲಾಮುಖಿ ಗಾಜಿನ ಅಂಚು ಯಾಕೆ ಬೆಳ್ಳಗಾಗುತ್ತೆ?

ಪ್ರಶ್ನೆ: ನಮಸ್ಕಾರ ಸರ್. ನಾನು ಹಾಸನದವಳು, ಈಗ ಅಮೆರಿಕದ ಆರೆಗನ್ ರಾಜ್ಯದ ಹಿಲ್ಸ್‌ಬರೋದಲ್ಲಿದ್ದೇನೆ. ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಕರ್ಕೊಂಡು ಇದೇ ರಾಜ್ಯದ ಗ್ಲಾಸ್ ಬ್ಯೂಟ್ಸ್ ಗುಡ್ಡಗಳಿಗೆ ಹೋಗಿ ಅಬ್ಸಿಡಿಯನ್, ಅಂದರೆ ಜ್ವಾಲಾಮುಖಿ ಗಾಜಿನ ಕಲ್ಲು ಆರಿಸಿ ತಂದೆವು. ಉರುಳುವ ಯಂತ್ರದಲ್ಲಿ ಚೂಪು ಅಂಚೆಲ್ಲ ಹೋಗುವ ತನಕ ಉಜ್ಜಿ, ಆಮೇಲೆ ಹೊಳಪಿಗೆ ಅಂತ ವೈಬ್ರೇಟರಿ ಟಂಬ್ಲರ್‌ಗೆ (ನಡುಗಿಸುವ ಯಂತ್ರಕ್ಕೆ) ಹಾಕಿದೆ. ನಿಂಬೆಹಣ್ಣಿನ ಗಾತ್ರದ ಹದಿನಾಲ್ಕು ಕಲ್ಲು, ಒಂದು ಹಿಡಿ ಸೆರಾಮಿಕ್ ಗುಂಡು, ಕಲ್ಲು ಮುಳುಗುವಷ್ಟು ನೀರು. ಮೂರು ದಿನ ಪಾಲಿಶ್ ಪುಡಿಯಲ್ಲಿ ಓಡಿಸಿದರೂ ಮೈಯೆಲ್ಲ ಮಂಕು, ಅಂಚಿನಲ್ಲಿ ಹಿಮ ಕೂತ ಹಾಗೆ ಬಿಳಿ. ಇನ್ನೂ ಎರಡು ದಿನ ಓಡಿಸಲಾ?

ಉತ್ತರ: ಬೇಡ, ಇವತ್ತೇ ನಿಲ್ಲಿಸಿ. ಪಾಲಿಶ್ ಪುಡಿ ಎಷ್ಟು ದಿನ ಓಡಿಸಿದರೂ ಆ ಬಿಳಿ ಹೋಗಲ್ಲ, ಯಾಕಂದ್ರೆ ಅದು ಕೊಳೆಯಲ್ಲ, ಪೆಟ್ಟು. ಒಂದು ಕಲ್ಲು ಚೆನ್ನಾಗಿ ಒರೆಸಿ, ಭೂತಗನ್ನಡಿ ಹಿಡಿದು ಅಂಚು ನೋಡಿ. ಉಗುರು ಒತ್ತಿದ ಗುರುತಿನ ಹಾಗೆ ಪುಟ್ಟ ಪುಟ್ಟ ಅರ್ಧಚಂದ್ರಗಳು ಒಂದರ ಪಕ್ಕ ಒಂದು ಕಾಣುತ್ತವೆ. ಒಂದೊಂದೂ ಒಂದೊಂದು ಬಿರುಕು, ಕಲ್ಲು ಕಲ್ಲಿಗೆ ಬಡಿದು ಆಗಿದ್ದು. ನೂರಾರು ಸೇರಿದಾಗ ನಮ್ಮ ಕಣ್ಣಿಗೆ ಅದು ಬಿಳಿ ಪಟ್ಟಿ.

ಅಬ್ಸಿಡಿಯನ್ ಅಂದರೆ ನಿಜವಾಗಿಯೂ ಗಾಜೇ. ಸಿಲಿಕಾ ಜಾಸ್ತಿ ಇರುವ ಲಾವಾ, ಹರಳು ಕಟ್ಟೋಕೆ ಆಗದೆ ಹಾಗೇ ಗಟ್ಟಿಯಾದದ್ದು. ಗಡಸುತನ 1ರಿಂದ 10ರ ಮೋಸ್ ಅಳತೆಯಲ್ಲಿ 5ರಿಂದ 5.5, ಅಗೇಟ್ ಅನ್ನೋ ಸ್ಫಟಿಕ ಜಾತಿಯ ಕಲ್ಲಿನದು 6.5ರಿಂದ 7. ಆದರೆ ಗಡಸುತನಕ್ಕಿಂತ ಅದು ಎಷ್ಟು ಬೇಗ ಸಿಡಿಯುತ್ತೆ ಅನ್ನೋದೇ ಇಲ್ಲಿ ಮುಖ್ಯ. ಅದೇ ಯಂತ್ರದಲ್ಲಿ ಅಗೇಟ್ ತಡೆದುಕೊಳ್ಳುವ ಪೆಟ್ಟನ್ನು ಇದು ತಡೆಯಲ್ಲ. ಹಾಗಾಗಿ ಎರಡನ್ನೂ ಒಟ್ಟಿಗೆ ಹಾಕಲೇಬೇಡಿ.

ನಿಮ್ಮ ಪತ್ರದಲ್ಲಿ ತಪ್ಪು ಎರಡು ಕಡೆ ಕಾಣ್ತಿದೆ. ಒಂದು, ಎಲ್ಲ ಕಲ್ಲೂ ಒಂದೇ ಗಾತ್ರ, ನಡುವೆ ತುಂಬೋಕೆ ಆ ಒಂದು ಹಿಡಿ ಗುಂಡು ಸಾಲದು. ವೈಬ್ರೇಟರಿ ಯಂತ್ರ ಕಲ್ಲನ್ನು ಎತ್ತಿ ಹಾಕಲ್ಲ, ನಡುಗಿಸುತ್ತೆ ಅಷ್ಟೇ, ಆದರೆ ಖಾಲಿ ಜಾಗ ಇದ್ದರೆ ಆ ನಡುಕದಲ್ಲೇ ಪಕ್ಕದ ಕಲ್ಲಿಗೆ ನಿಮಿಷಕ್ಕೆ ಸಾವಿರಾರು ಸಲ ಕುಟ್ಟುತ್ತೆ. ದೊಡ್ಡ ಕಲ್ಲು ಐದಾರು ಸಾಕು. ಉಳಿದದ್ದು ಸಣ್ಣ ಕಲ್ಲು, ಮತ್ತೆ ಬ್ಯಾರಲ್‌ನ (ಕಲ್ಲು ಹಾಕುವ ಡಬ್ಬದ) ಅರ್ಧಕ್ಕಿಂತ ಜಾಸ್ತಿ ಸೆರಾಮಿಕ್ ಗುಂಡು. ಅದರಲ್ಲೂ ಸಣ್ಣ ಗಾತ್ರದ್ದು, ಮೂರು ಮಿಲಿಮೀಟರಿನದು, ಧಾರಾಳವಾಗಿ ಇರಲಿ. ಗಾಜಿನ ಬಳೆಗಳನ್ನು ಅಕ್ಕಿ ಡಬ್ಬಿಯಲ್ಲಿ ಹುದುಗಿಸಿಟ್ಟ ಹಾಗೆ ಇರಬೇಕು, ಒಂದಕ್ಕೊಂದು ತಾಗಬಾರದು. ಬ್ಯಾರಲ್ ಹೆಚ್ಚುಕಡಿಮೆ ಪೂರ್ತಿ ತುಂಬಿರಲಿ. ದುಡ್ಡು ಉಳಿಸೋಕೆ ಅಂತ ಸೆರಾಮಿಕ್ ಕಡಿಮೆ ಮಾಡಬೇಡಿ, ತೊಳೆದು ತೊಳೆದು ವರ್ಷಗಟ್ಟಲೆ ಬಳಸಬಹುದು.

ಎರಡನೆಯದು ನೀರು. ಉರುಳುವ ಯಂತ್ರದ ಅಳತೆಯನ್ನೇ ಇಲ್ಲೂ ಹಿಡಿದಿದ್ದೀರಿ, ತುಂಬಾ ಜನ ಹೀಗೇ ಮಾಡ್ತಾರೆ. ಇಲ್ಲಿ ಕಲ್ಲು ಮುಳುಗಬಾರದು, ಬರೀ ಒದ್ದೆಯಾಗಬೇಕು. ನೀರು ಜಾಸ್ತಿ ಆದರೆ ಪುಡಿಯೆಲ್ಲ ತಳಕ್ಕೆ ಕೂರುತ್ತೆ, ಕಲ್ಲು ಬರೀ ನೀರಲ್ಲಿ ಕುಟ್ಟಿಕೊಳ್ಳುತ್ತಾ ಇರುತ್ತೆ. ಗಿಡಕ್ಕೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿ ಇಟ್ಟುಕೊಳ್ಳಿ. ಪುಡಿ ಹಾಕಿ, ಯಂತ್ರ ಓಡುತ್ತಿರುವಾಗಲೇ ಸ್ವಲ್ಪ ಸ್ವಲ್ಪ ಚಿಮುಕಿಸಿ, ಪ್ರತಿ ಕಲ್ಲಿನ ಮೇಲೂ ತೆಳ್ಳಗೆ ಬಣ್ಣ ಬಳಿದ ಹಾಗೆ ರಾಡಿ ಅಂಟಿಕೊಂಡಾಗ ನಿಲ್ಲಿಸಿ. ಮೇಲಿನ ಕಲ್ಲು ನಿಧಾನಕ್ಕೆ ಮಗುಚುತ್ತಾ ಒಳಗೆ ಹೋಗಿ, ಒಳಗಿನದು ಮೇಲೆ ಬರುತ್ತಿದ್ದರೆ ಹದ ಸರಿ ಇದೆ. ಕಡಕಡ ಶಬ್ದ ಜಾಸ್ತಿ ಬಂದರೆ ರಾಡಿ ತೆಳುವಾಗಿದೆ. ಕಲ್ಲು ಅಂಟಿಕೊಂಡು ನಿಂತೇ ಬಿಟ್ಟರೆ ಒಣಗಿದೆ, ಎರಡು ಸಲ ಚಿಮುಕಿಸಿ. ಮೊದಲ ದಿನ ಎರಡು ಮೂರು ಗಂಟೆಗೊಮ್ಮೆ ಹೋಗಿ ನೋಡಿ. ಆಮೇಲೆ ಶಬ್ದ ಕೇಳಿದರೇ ನಿಮಗೆ ಗೊತ್ತಾಗುತ್ತೆ.

ಈಗಿರುವ ಕಲ್ಲುಗಳನ್ನು ಬಿಸಾಡಬೇಡಿ. 220 ನಂಬರಿನ ಗ್ರಿಟ್‌ಗೆ, ಅಂದರೆ ಉಜ್ಜುವ ಪುಡಿಗೆ ವಾಪಸ್ ಹೋಗಿ (ನಂಬರ್ ಹೆಚ್ಚಿದಷ್ಟೂ ಪುಡಿ ನಯ). ಅಂಚಿನ ಬಿರುಕು ಪೂರ್ತಿ ಸವೆದು, ಕಲ್ಲಿನ ಮೈಯೆಲ್ಲ ಒಂದೇ ಸಮ ಮಂಕಾಗುವ ತನಕ ಅಲ್ಲೇ ಇರಿ. ಎರಡು ದಿನವೂ ಆಗಬಹುದು, ನಾಲ್ಕು ದಿನವೂ ಆಗಬಹುದು. ಬೇಸರ ಪಟ್ಟು ಮುಂದೆ ಹೋದರೆ ಅದೇ ಬಿಳಿ ಕೊನೆಯಲ್ಲಿ ಮತ್ತೆ ಎದುರಿಗೆ ಬಂದು ಕೂರುತ್ತೆ. ಆಮೇಲೆ 500, ಅದಾದ ಮೇಲೆ 1000, ಒಂದೊಂದು ದಿನ ಸಾಕು. 1000 ಬಿಟ್ಟು ನೇರವಾಗಿ ಪಾಲಿಶ್‌ಗೆ ಹೋಗೋದು ಬೇರೆ ಕಲ್ಲಿಗೆ ನಡೆದರೂ ನಡೆಯಬಹುದು, ಅಬ್ಸಿಡಿಯನ್‌ಗೆ ಬೇಡ. ಕೊನೆಗೆ ಸೀರಿಯಂ ಆಕ್ಸೈಡ್, ಒಂದೆರಡು ದಿನ. ಗಾಜಿನ ಲೆನ್ಸ್‌ಗೆ ಹೊಳಪು ಕೊಡೋಕೆ ಬಳಸುವ ಪುಡಿ ಇದೇ. ಅಲ್ಯೂಮಿನಿಯಂ ಆಕ್ಸೈಡ್ ಕೂಡ ಕೆಲಸ ಮಾಡುತ್ತೆ, ಆದರೆ ನನ್ನ ಕೈ ಮೊದಲು ಹೋಗೋದು ಸೀರಿಯಂ ಡಬ್ಬಿಗೇ.

ಪ್ರತಿ ಹಂತ ಮುಗಿದಾಗಲೂ ಕಲ್ಲು, ಸೆರಾಮಿಕ್, ಬ್ಯಾರಲ್, ಮುಚ್ಚಳದ ಸಂದಿ ಎಲ್ಲ ತೊಳೆಯಿರಿ. ನನ್ನದೊಂದು ಬ್ಯಾಚ್ ಹಾಳಾಗಿದ್ದು ಮುಚ್ಚಳದ ಅಡಿಯಲ್ಲಿ ಒಣಗಿ ಅಂಟಿಕೊಂಡಿದ್ದ 500 ಗ್ರಿಟ್‌ನಿಂದ. ಪಾಲಿಶ್ ಮಾಡುವಾಗ ಅದು ಕಳಚಿ ಬಿತ್ತು, ಎಲ್ಲ ಕಲ್ಲಿಗೂ ಕೂದಲೆಳೆಯಂಥ ಗೀರು. ಅವತ್ತಿನಿಂದ ಪಾಲಿಶ್‌ಗೆ ಅಂತಲೇ ಬೇರೆ ಸೆರಾಮಿಕ್ ಇಟ್ಟಿದ್ದೇನೆ. ತೊಳೆಯೋಕೆ ಕೋಣೆಯಷ್ಟೇ ಬಿಸುಪಿನ ನೀರು ಸಾಕು. ಚಳಿಗಾಲದ ಗ್ಯಾರೇಜಿನಲ್ಲಿ ತಣ್ಣಗೆ ಕೂತ ಗಾಜಿಗೆ ಬಿಸಿ ನೀರು ಹುಯ್ದರೆ ಏನಾಗುತ್ತೆ ಅಂತ ಹೇಳಬೇಕಿಲ್ಲ ಅಲ್ವಾ? ಆ ರಾಡಿಯನ್ನು ಸಿಂಕಿಗೆ ಮಾತ್ರ ಸುರಿಯಬೇಡಿ, ಪೈಪಿನೊಳಗೆ ಸಿಮೆಂಟಿನ ಹಾಗೆ ಗಟ್ಟಿಯಾಗುತ್ತೆ. ಒಣ ಪುಡಿ ಮಕ್ಕಳ ಉಸಿರಿಗೆ ಹೋಗದ ಹಾಗೆ ನೋಡಿಕೊಳ್ಳಿ.

ಹೊಳಪು ಬಂತಾ ಅಂತ ಒದ್ದೆ ಕಲ್ಲು ನೋಡಿ ತೀರ್ಮಾನ ಮಾಡಬೇಡಿ, ಒದ್ದೆ ಇದ್ದಾಗ ಎಲ್ಲ ಕಲ್ಲೂ ಹೊಳೆಯುತ್ತೆ. ಒರೆಸಿ, ಒಣಗಿಸಿ, ಟ್ಯೂಬ್‌ಲೈಟ್ ಕೆಳಗೆ ಹಿಡಿಯಿರಿ. ಕಲ್ಲಿನ ಮೇಲೆ ಕಾಣುವ ಟ್ಯೂಬ್‌ನ ಅಂಚು ಗೆರೆ ಎಳೆದಷ್ಟು ಸ್ಪಷ್ಟವಾಗಿದ್ದರೆ ಕೆಲಸ ಮುಗಿಯಿತು.

ಪ್ರಶ್ನೆ: ಸರ್, ನಮ್ಮದು ಬೆಳಗಾವಿ ಕಡೆ. ಹೊಲದಲ್ಲಿ ಎಲ್ಲಿ ಅಗೆದರೂ ಕರಿ ಕಲ್ಲು. ಇದೂ ಲಾವಾದಿಂದ ಆಗಿದ್ದು ಅಂತಾರೆ. ಹಾಗಾದರೆ ಅಬ್ಸಿಡಿಯನ್ ನಮ್ಮಲ್ಲೂ ಸಿಗಬೇಕಲ್ವಾ?

ಉತ್ತರ: ಲಾವಾದಿಂದ ಆಗಿದ್ದು ಅನ್ನೋದು ನಿಜ, ಆದರೆ ನಿಮ್ಮ ಹೊಲದ್ದು ಬಸಾಲ್ಟ್. ಅದರಲ್ಲಿ ಸಿಲಿಕಾ ಕಡಿಮೆ, ಲಾವಾ ತೆಳ್ಳಗೆ ಹರಿದು, ಸಣ್ಣ ಸಣ್ಣ ಹರಳು ಕಟ್ಟಿಕೊಂಡು ಕಲ್ಲಾಗಿದೆ. ಇನ್ನೊಂದು ಕಾರಣ ವಯಸ್ಸು. ದಖ್ಖನಿನ ಆ ಲಾವಾ ಹರಿದು ಸುಮಾರು 6.6 ಕೋಟಿ ವರ್ಷ ಆಯಿತು, ಜ್ವಾಲಾಮುಖಿ ಗಾಜು ಅಷ್ಟು ದಿನ ಗಾಜಾಗಿ ಉಳಿಯೋದು ಅಪರೂಪ. ನಿಧಾನಕ್ಕೆ ನೀರು ಹೀರಿ ಬದಲಾಗುತ್ತೆ. ಅಮೆರಿಕದ ಅರಿಝೋನಾದಲ್ಲಿ, ಸುಪೀರಿಯರ್ ಊರಿನ ಹತ್ತಿರ ಇದು ಅರ್ಧ ದಾರಿಯಲ್ಲಿ ನಿಂತಿರೋದನ್ನು ನೋಡಬಹುದು. ಅಬ್ಸಿಡಿಯನ್ ನೀರು ಹೀರಿ ಬೂದುಬಣ್ಣದ ಪರ್ಲೈಟ್ ಆಗಿದೆ, ನಡುವೆ ನೀರು ತಲುಪದ ತಿರುಳು ಮಾತ್ರ ಗೋಲಿಯ ಹಾಗೆ ಉಳಿದಿದೆ. ಅದಕ್ಕೆ ಅಪಾಚೆ ಟಿಯರ್ಸ್ ಅಂತಾರೆ. ಕೈಯಲ್ಲಿ ಕಪ್ಪು, ಬಿಸಿಲಿಗೆ ಹಿಡಿದರೆ ಡಿಕಾಕ್ಷನ್ ಬಣ್ಣ.

ನಿಮ್ಮ ಕಲ್ಲಿನ ಒಡೆದ ಮುಖ ನೋಡಿ. ಒರಟಾಗಿ ಮರಳು ಮರಳಾಗಿದ್ದರೆ ಬಸಾಲ್ಟ್. ಹಾಗಂತ ನಿರಾಸೆ ಬೇಡ. ಅದರ ತೂತುಗಳಲ್ಲಿ ಕೆಲವೊಮ್ಮೆ ಅಗೇಟ್ ಇರುತ್ತೆ. ಮಳೆ ನಿಂತ ಮೇಲೆ ಹಳ್ಳದ ದಂಡೆಯಲ್ಲಿ, ಬಿಸಿಲು ಎದುರಿಗಿರುವ ಹೊತ್ತಲ್ಲಿ ಹುಡುಕಿ, ಬೆಳಕು ತೂರಿಬರುವ ಕಲ್ಲು ದೂರದಿಂದಲೇ ಕಾಣುತ್ತೆ.