ತೇರಿನ ದಿನ ನಿಮಗೇನು ಕೆಲಸ ಇರುತ್ತಿತ್ತು?

ನನ್ನ ಹತ್ತಿರ ಸಲಹೆ ಕೇಳಿ ಬಂದ ಆ ಹೆಣ್ಣುಮಗಳಿಗೆ 33 ವರ್ಷ. ಗಂಡನ ಕೆಲಸದ ಮೇಲೆ ಸ್ವಿಟ್ಜರ್‌ಲೆಂಡಿನ ಬಾಸೆಲ್‌ಗೆ ಹೋಗಿ ಎರಡು ವರ್ಷ ದಾಟಿತ್ತು. ಆರು ವರ್ಷದ ಮಗಳಿದ್ದಾಳೆ. (ಗುರುತು ಸಿಗಬಾರದೆಂದು ಕೆಲವು ವಿವರ ಬದಲಿಸಿದ್ದೇನೆ.) ಜನವರಿಯಲ್ಲಿ ವಿಡಿಯೊ ಕರೆ ಮಾಡಿ, "ಮೇಡಂ, ಈ ಊರಿನ ಹಬ್ಬ ಹತ್ತಿರ ಬಂತು ಅಂದ್ರೆ ಎದೆ ಹೊಡ್ಕೊಳ್ಳತ್ತೆ" ಎಂದರು.

ಬಾಸೆಲ್‌ನ ಫಾಸ್ನಾಖ್ಟ್ ಸಣ್ಣ ಹಬ್ಬವೇನಲ್ಲ. ಕ್ರೈಸ್ತರ ಬೂದಿ ಬುಧವಾರ ಕಳೆದು ಬರುವ ಸೋಮವಾರ ಬೆಳಗಿನ ಜಾವ 4ಕ್ಕೆ ಶುರುವಾದರೆ ಗುರುವಾರ ಬೆಳಗಿನ ಜಾವ 4ರವರೆಗೆ, ಪೂರ್ತಿ 72 ಗಂಟೆ. 2017ರಲ್ಲಿ ಯುನೆಸ್ಕೊದ ಅಮೂರ್ತ ಪರಂಪರೆಯ ಪಟ್ಟಿಗೂ ಸೇರಿದೆ. ಶುರುವಾಗುವಾಗ ಹಳೇ ಊರಿನ ಬೀದಿದೀಪಗಳೆಲ್ಲ ಒಟ್ಟಿಗೇ ಆರುತ್ತವೆ. ಆ ಕತ್ತಲಲ್ಲಿ ಡೋಲು, ಸಣ್ಣ ಕೊಳಲು, ಚಿತ್ರ ಬರೆದ ದೊಡ್ಡ ದೊಡ್ಡ ಲಾಟೀನು.

ಮೊದಲ ವರ್ಷ ಅವರು ಒಬ್ಬರೇ ಹೋಗಿದ್ದರು. "ಕತ್ತಲಾದ ತಕ್ಷಣ ಉಸಿರು ಕಟ್ಟಿತು. ಸುತ್ತ ಎಲ್ಲರೂ ಯಾರದ್ದೋ ತೋಳು ಹಿಡ್ಕೊಂಡಿದ್ರು. ನಾನು ಫೋನ್ ಹಿಡ್ಕೊಂಡಿದ್ದೆ." ಅಳುತ್ತಾ ಮನೆಗೆ ಬಂದರು. ಗಂಡನಿಗೂ ಹೇಳಲಿಲ್ಲ. ಮರುವರ್ಷ ಹೊರಗೇ ಹೋಗಲಿಲ್ಲ. ಮಗಳು ಚಿಟ್ಟೆಯ ವೇಷ ಹಾಕಿಕೊಂಡು ಮಧ್ಯಾಹ್ನವೆಲ್ಲ ಕಿಟಕಿ ಪಕ್ಕ ಕೂತಿದ್ದಳಂತೆ. ಇದನ್ನು ಹೇಳುವಾಗ ಅವರ ದನಿ ಒಡೆಯಿತು.

ಇದು ಊರಿನ ನೆನಪಿನ ಕೊರಗಿರಬೇಕು ಅಂತ ನಾನೂ ಮೊದಲು ಅಂದುಕೊಂಡೆ. ಕನ್ನಡದವರ ಜೊತೆ ಸೇರಿ ಎಂದೆ. ಅದೆಲ್ಲ ಆಗಲೇ ಮಾಡುತ್ತಿದ್ದರು, ಸಮಾಧಾನ ಸಿಕ್ಕಿರಲಿಲ್ಲ. ಎರಡನೇ ಸಲ ಸುಮ್ನೆ ಕೇಳಿದೆ: ನಿಮ್ಮೂರಿನ ತೇರಿನ ದಿನ ನೀವೇನು ಮಾಡ್ತಿದ್ರಿ?

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ, "ತೇರು ನೋಡಿದ್ದೇ ಕಮ್ಮಿ ಮೇಡಂ. ಪಾನಕ ಹಂಚೋದು ನನ್ನ ಕೆಲಸ. ಲೋಟ ತೊಳೆದೂ ತೊಳೆದೂ ಕೈ ಸುಕ್ಕಾಗಿರ್ತಿತ್ತು" ಎಂದರು.

ಅಲ್ಲಿಗೆ ಎಳೆ ಸಿಕ್ಕಿತು. ಊರಲ್ಲಿ ಅವರ ಕೈಗೆ ಕೆಲಸವಿತ್ತು. ಬಾಸೆಲ್‌ನಲ್ಲಿ ಬರೀ ಕಣ್ಣಿಗೆ. ಪರದೇಶದಲ್ಲಿರುವ ಎಷ್ಟೋ ಜನರಲ್ಲಿ ಇದನ್ನು ನೋಡಿದ್ದೇನೆ. ಹಬ್ಬದ ನಡುವೆ ಕೆಲಸವಿಲ್ಲದೆ ನಿಲ್ಲುವುದು ತುಂಬಾ ಒಂಟಿ ಮಾಡುತ್ತದೆ.

ಈ ಸಲ ಬೆಳಗಿನ ಜಾವದ ಕತ್ತಲನ್ನು ಬಿಟ್ಟೇ ಬಿಡಿ ಎಂದೆ. ಮಂಗಳವಾರ ಮಕ್ಕಳ ದಿನ. ಅವತ್ತು ಹಗಲಲ್ಲಿ, ಮಗಳ ಜೊತೆ, ಎರಡೇ ಗಂಟೆ. ಉಸಿರು ಬಿಗಿಯಾದರೆ ಪಕ್ಕದ ಓಣಿಗೆ ಬಂದು ಗೋಡೆಗೆ ಬೆನ್ನು ಕೊಟ್ಟು ನಿಲ್ಲಿ, ನಿಧಾನವಾಗಿ ಉಸಿರು ಬಿಡಿ. ಗಂಡನಿಗೆ ಹಿಂದಿನದ್ದನ್ನೆಲ್ಲ ಮೊದಲೇ ಹೇಳಿ. ಅಮ್ಮನಿಗೆ ವಿಡಿಯೊ ಕರೆ ಮರುದಿನ ಮಾಡಿ, ಜಂಗುಳಿಯ ಮಧ್ಯೆ ಬೇಡ. ಎಲ್ಲಕ್ಕಿಂತ ಜಾಸ್ತಿ ಒತ್ತಿ ಹೇಳಿದ್ದು ಇದು: ನೆರೆಮನೆಯವರ ಹತ್ತಿರ ಹೋಗಿ, "ನಾವೇನು ತಗೊಂಡು ಹೋಗಬೇಕು?" ಅಂತ ಕೇಳಿ. "ಏನು ನೋಡಬೇಕು?" ಅಂತ ಕೇಳಬೇಡಿ.

ನೆರೆಮನೆಯ ಅಜ್ಜಿ ಒಳಗೆ ಕರೆದು ಕೂರಿಸಿ ಎಲ್ಲ ಹೇಳಿಕೊಟ್ಟರಂತೆ. ಆ ವರ್ಷದ ಬಿಲ್ಲೆ ಕೊಂಡು ಕೋಟಿಗೆ ಚುಚ್ಚಿಕೊಳ್ಳಬೇಕು, ಆ ದುಡ್ಡು ಹಬ್ಬದ ಗುಂಪುಗಳಿಗೆ ಹೋಗುತ್ತದೆ. ಎರಚುವ ಕಾಗದದ ಚೂರು ಒಂದೇ ಬಣ್ಣದ್ದಿರಬೇಕು. ಬಣ್ಣ ಬೆರೆತಿದ್ದರೆ ನೆಲದಿಂದ ಬಾಚಿದ್ದು ಎಂದುಕೊಳ್ಳುತ್ತಾರೆ. ನೋಡಲು ಬರುವ ದೊಡ್ಡವರು ವೇಷ ಹಾಕುವುದಿಲ್ಲ, ಮಕ್ಕಳು ಹಾಕಬಹುದು.

ಹಬ್ಬ ಕಳೆದ ವಾರ ಕರೆ ಬಂತು. ಹಸಿರು ಚೂರಿನ ಚೀಲ ಹಿಡಿದು ಮಗಳ ಮುಷ್ಟಿ ತುಂಬಿಸಿ ತುಂಬಿಸಿ ಕೊಟ್ಟರಂತೆ. ಎರಡು ಗಂಟೆ ಅಂತ ಹೋದವರು ನಾಲ್ಕು ಗಂಟೆ ಇದ್ದರು. ಒಂದು ಸಲ ಎದೆ ಹೊಡೆದುಕೊಂಡಿತ್ತು, ಓಣಿಗೆ ಬಂದು ನಿಂತು ಮತ್ತೆ ಹೋದರು. ಮಾತಾಡುತ್ತಲೇ ಜಡೆಯಿಂದ ಹಸಿರು ಚೂರೊಂದನ್ನು ತೆಗೆದು ಕ್ಯಾಮೆರಾಕ್ಕೆ ಹಿಡಿದರು. "ತಲೆಗೆ ನೀರು ಹಾಕ್ಕೊಂಡ್ರೂ ಇನ್ನೂ ಸಿಗ್ತಾ ಇದೆ ನೋಡಿ."

ಬರುವ ವರ್ಷ 4 ಗಂಟೆಯ ಕತ್ತಲಿಗೆ ಹೋಗುತ್ತಾರಾ ಎಂದು ಅವರು ಹೇಳಲಿಲ್ಲ. ನಾನೂ ಕೇಳಲಿಲ್ಲ.