ಉಸ್ತಾದ್ ಕೈ ಮಾಡಿದರೆ? ಸೇನಾ ತರಬೇತಿಯ ಹೊಡೆತದ ಬಗ್ಗೆ ಓದುಗರ ಪ್ರಶ್ನೆಗಳು

ಪ್ರಶ್ನೆ: ಮಗ ಅಗ್ನಿವೀರನಾಗಿ ತರಬೇತಿಗೆ ಹೋಗಿ ಎರಡು ತಿಂಗಳಾಯಿತು. ಉಸ್ತಾದ್ (ತರಬೇತುದಾರ) ದೊಣ್ಣೆಯಿಂದ ತೊಡೆಗೆ ಹೊಡೆದು, ಆಮೇಲೆ ನೂರಾರು ಬೈಠಕ್ ಮಾಡಿಸಿದರಂತೆ. ಕಾಲು ಬಾತಿದೆ, ಮೂತ್ರ ಕಪ್ಪು ಚಹಾದ ಬಣ್ಣಕ್ಕೆ ಬರುತ್ತಿದೆ ಅಂತಾನೆ. ‘ಯಾರಿಗೂ ಹೇಳಬೇಡಮ್ಮ’ ಎಂದು ಬೇಡಿಕೊಳ್ಳುತ್ತಾನೆ. ಏನು ಮಾಡಲಿ?
(ಹಾವೇರಿ ಜಿಲ್ಲೆಯ ತಾಯಿ)

ಉತ್ತರ: ಅಮ್ಮಾ, ದೂರಿನ ವಿಚಾರ ಆಮೇಲೆ ನೋಡೋಣ. ಮೂತ್ರದ ಬಣ್ಣ ಬದಲಾಗಿದೆ ಎಂದರೆ ಇವತ್ತೇ ಆಸ್ಪತ್ರೆ ಸೇರಬೇಕು. ಪೆಟ್ಟಿನಿಂದಲೋ, ಅಭ್ಯಾಸವಿಲ್ಲದ ದೇಹಕ್ಕೆ ಮಿತಿಮೀರಿ ಬೈಠಕ್, ಫ್ರಂಟ್ ರೋಲ್ ಹೊಡೆಸಿದ್ದರಿಂದಲೋ ಸ್ನಾಯುವಿನ ಕೋಶಗಳು ಒಡೆಯುತ್ತವೆ. ಅವುಗಳೊಳಗಿನ ಮಯೋಗ್ಲೋಬಿನ್ ರಕ್ತಕ್ಕೆ ಸೇರಿ ಮೂತ್ರಪಿಂಡವನ್ನು ಕೆಡಿಸುತ್ತದೆ. ಪೊಟ್ಯಾಸಿಯಂ ಏರಿದರೆ ಹೃದಯವೇ ನಿಲ್ಲಬಹುದು. ಇದಕ್ಕೆ ರಾಬ್ಡೊಮಯೊಲಿಸಿಸ್ ಎನ್ನುತ್ತಾರೆ. ರಕ್ತದಲ್ಲಿ ಸಿಕೆ ಎಂಬ ಅಂಶ ಮಾಮೂಲಿ ಮಿತಿಯ 5 ಪಟ್ಟು ದಾಟಿದ್ದರೆ ರೋಗ ಖಚಿತವಾದಂತೆ. ಬೇಗ ಸಲೈನ್ ಹಾಕಿದರೆ ಬಹುತೇಕ ಹುಡುಗರು ಪೂರ್ತಿ ಚೇತರಿಸಿಕೊಳ್ಳುತ್ತಾರೆ. ತಡಮಾಡಿದರೆ ಡಯಾಲಿಸಿಸ್‌ವರೆಗೂ ಹೋಗುತ್ತದೆ. ನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೆನ್ ಮಾತ್ರೆ ನುಂಗುವುದು ಬೇಡ. ಅವೂ ಮೂತ್ರಪಿಂಡಕ್ಕೆ ಭಾರ.

ಬೆಳಗಿನ ಸಿಕ್ ರಿಪೋರ್ಟ್‌ಗೆ (ಕಾಯಿಲೆಯಾದವರು ಹಾಜರಾಗುವ ಹೊತ್ತಿಗೆ) ಕಾಯದೆ ಈಗಲೇ ಎಂಐ ರೂಮ್‌ಗೆ, ಅಂದರೆ ಘಟಕದ ಚಿಕಿತ್ಸಾ ಕೊಠಡಿಗೆ, ಹೋಗಲಿ. ಮಗ ಫೋನಿಗೆ ಸಿಗದಿದ್ದರೆ ನೀವೇ ತರಬೇತಿ ಕೇಂದ್ರಕ್ಕೆ ಕರೆ ಮಾಡಿ, ಹೊಡೆತದ ಮಾತಿಗಿಂತ ಮೊದಲು ‘ಮೂತ್ರ ಕಪ್ಪಾಗಿದೆ, ಡಾಕ್ಟರ್ ತಕ್ಷಣ ನೋಡಬೇಕು’ ಎನ್ನಿ. ಆ ಮಾತನ್ನು ಯಾವ ಡ್ಯೂಟಿ ಅಧಿಕಾರಿಯೂ ತಳ್ಳಿಹಾಕಲಾಗದು.

ಡಾಕ್ಟರ್ ಎದುರು ಹೆಚ್ಚಿನ ಹುಡುಗರು ಎಡವುವುದು ಒಂದೇ ಕಡೆ: ‘ಮೆಟ್ಟಿಲಲ್ಲಿ ಜಾರಿಬಿದ್ದೆ’ ಎಂದು ಬರೆಸಿಬಿಡುತ್ತಾರೆ. ಮುಂದೆ ವಿಚಾರಣೆ ನಡೆದಾಗ, ಅಂಗವೈಕಲ್ಯದ ಪರಿಹಾರ ಕೇಳುವಾಗ, ಆ ಒಂದು ಸಾಲೇ ಅವರ ವಿರುದ್ಧ ನಿಲ್ಲುತ್ತದೆ. ಯಾವ ದಿನ, ಎಷ್ಟು ಹೊತ್ತಿಗೆ, ಯಾವುದರಿಂದ, ಮೈಯ ಯಾವ ಭಾಗಕ್ಕೆ ಪೆಟ್ಟು ಬಿತ್ತು ಎಂಬುದನ್ನು ಇದ್ದಂತೆ ಬರೆಸಬೇಕು. ಹೊಡೆದವರ ಹೆಸರು ಹೇಳಲು ಹೆದರಿಕೆಯಾದರೆ ಅದನ್ನು ಆಮೇಲೆ ಹೇಳಲಿ. ಗಾಯದ ಕಾರಣವಂತೂ ಸುಳ್ಳಾಗಬಾರದು.

ಪ್ರಶ್ನೆ: ರಗಡಾ (ಶಿಕ್ಷೆಯಾಗಿ ಮಾಡಿಸುವ ಕಠಿಣ ಕಸರತ್ತು) ಎಲ್ಲಿಗೆ ಮುಗಿದು ಹಲ್ಲೆ ಎಲ್ಲಿ ಶುರುವಾಗುತ್ತದೆ? ‘ಕಸಂ ಪರೇಡ್ (ತರಬೇತಿ ಮುಗಿದಾಗಿನ ಪ್ರಮಾಣವಚನ) ಆಗುವವರೆಗೆ ನೀನು ಸೈನಿಕನೇ ಅಲ್ಲ, ನಿನಗೆ ಯಾವ ಕಾನೂನೂ ಇಲ್ಲ’ ಎಂದು ಊರಿನ ಹಿರಿಯರು ಹೇಳುತ್ತಾರೆ. ನಿಜವೇ?
(ಭರ್ತಿಗೆ ತಯಾರಾಗುತ್ತಿರುವ ಯುವಕ, ಬೆಳಗಾವಿ)

ಉತ್ತರ: ಸುಳ್ಳು. ಸೇನೆಗೆ ದಾಖಲಾದ ದಿನದಿಂದಲೇ 1950ರ ಸೇನಾ ಕಾಯ್ದೆ ನಿಮಗೆ ಅನ್ವಯ. ಅದರ 47ನೇ ಸೆಕ್ಷನ್ ಪ್ರಕಾರ ಅಧಿಕಾರಿಯಾಗಲಿ, ಜೆಸಿಒ (ಸುಬೇದಾರ್ ದರ್ಜೆಯ ಕಿರಿಯ ಅಧಿಕಾರಿ) ಆಗಲಿ, ಹವಾಲ್ದಾರ್ ಆಗಲಿ ತನ್ನ ಕೈಕೆಳಗಿನವನ ಮೇಲೆ ಕೈ ಮಾಡಿದರೆ, ಬೇರೆ ರೀತಿಯಲ್ಲಿ ಹಿಂಸಿಸಿದರೆ, ಕೋರ್ಟ್ ಮಾರ್ಷಲ್‌ನಲ್ಲಿ 7 ವರ್ಷದವರೆಗೆ ಜೈಲು. ಮೂಳೆ ಮುರಿದಿರಲೇಬೇಕು ಎಂದೇನಿಲ್ಲ, ಕೆನ್ನೆಗೆ ಬಿದ್ದ ಏಟೂ ಸಾಕು.

ಸಿಪಾಯಿಗೆ ಯಾವ ಶಿಕ್ಷೆ ಕೊಡಬಹುದೆಂದು 80ನೇ ಸೆಕ್ಷನ್ ಹೇಳುತ್ತದೆ: 28 ದಿನದವರೆಗೆ ಸೆರೆ ಅಥವಾ ಲೈನ್‌ನಲ್ಲೇ (ಬ್ಯಾರಕ್ ಆವರಣದಲ್ಲೇ) ನಿರ್ಬಂಧ, ಹೆಚ್ಚುವರಿ ಗಾರ್ಡ್ ಡ್ಯೂಟಿ, 14 ದಿನದವರೆಗಿನ ಸಂಬಳದಷ್ಟು ದಂಡ ಇತ್ಯಾದಿ. ಇವನ್ನು ವಿಧಿಸುವ ಅಧಿಕಾರ ಕಮಾಂಡಿಂಗ್ ಆಫೀಸರ್ ಮಟ್ಟದ್ದು, ಉಸ್ತಾದರದ್ದಲ್ಲ. ಯುದ್ಧಭೂಮಿಯ ‘ಫೀಲ್ಡ್ ಪನಿಶ್‌ಮೆಂಟ್’ಗೂ ಪ್ರಾಣಕ್ಕೆ, ಅಂಗಕ್ಕೆ ಅಪಾಯವಾಗಬಾರದೆಂಬ ಮಿತಿಯನ್ನು ಕಾಯ್ದೆಯೇ ಹಾಕಿದೆ. ಛಡಿಯೇಟಂತೂ ಶಿಕ್ಷೆಗಳ ಸಾಲಿನಲ್ಲೇ ಇಲ್ಲ.

ಹಾಗೆಂದು ಮೈದಾನ ಒಂದು ಸುತ್ತು ಹೆಚ್ಚು ಓಡಿಸಿದ್ದನ್ನು, ಇಪ್ಪತ್ತು ಪುಷ್ಅಪ್ ಹೊಡೆಸಿದ್ದನ್ನು ದೌರ್ಜನ್ಯ ಎನ್ನಲಾಗದು. ಆ ಕಷ್ಟ ನೀವು ಆರಿಸಿಕೊಂಡ ಕೆಲಸದ ಭಾಗ. ಒದೆಯುವುದು, ದೊಣ್ಣೆಯೇಟು, ಜಲ್ಲಿಯ ಮೇಲೆ ತಲೆಯೂರಿ ನಿಲ್ಲಿಸುವುದು, ಒಬ್ಬ ರಿಕ್ರೂಟ್‌ನಿಂದ ಇನ್ನೊಬ್ಬನಿಗೆ ಹೊಡೆಸುವುದು, ಬಿಸಿಲಿನಲ್ಲಿ ನೀರು ತಡೆಯುವುದು, ಗಾಯಗೊಂಡವನನ್ನು ಓಡಿಸುವುದು ತರಬೇತಿಯಲ್ಲ. ಬಿಸಿಲಲ್ಲಿ ಓಡಿಸುವಾಗ ಯಾರಾದರೂ ತಡವರಿಸಿ ಮಾತಾಡಿದರೆ, ಎಲ್ಲಿದ್ದೇನೆಂಬ ಪ್ರಜ್ಞೆ ತಪ್ಪಿದರೆ ಅವನ ಮೈ ಶಾಖ 40 ಡಿಗ್ರಿ ದಾಟಿದೆ ಎಂದೇ ತಿಳಿಯಿರಿ. ಆಂಬುಲೆನ್ಸ್ ಬರಲೆಂದು ಕೈಕಟ್ಟಿ ನಿಲ್ಲದೆ ಕುತ್ತಿಗೆವರೆಗೆ ತಣ್ಣೀರಲ್ಲಿ ಮುಳುಗಿಸಿ, ತಲೆ ಹಿಡಿದಿರಿ. ತೊಟ್ಟಿ ಇಲ್ಲದಿದ್ದರೆ ಬಕೆಟ್‌ಗಟ್ಟಲೆ ನೀರು ಸುರಿಯುತ್ತಲೇ ಇರಿ. ಮೊದಲ ಅರ್ಧ ಗಂಟೆಯಲ್ಲಿ ಮೈ ತಣಿದರೆ ಜೀವ ಉಳಿಯುವ ಸಾಧ್ಯತೆ ಬಹಳ ಹೆಚ್ಚು.

ಎಷ್ಟೇ ಸಿಟ್ಟು ಬಂದರೂ ತಿರುಗಿ ಹೊಡೆಯಬೇಡಿ. ಕರ್ತವ್ಯದಲ್ಲಿರುವ ಮೇಲಿನವರ ಮೇಲೆ ಕೈ ಮಾಡಿದರೆ 40ನೇ ಸೆಕ್ಷನ್‌ನಡಿ 14 ವರ್ಷದವರೆಗೆ ಶಿಕ್ಷೆಯಿದೆ.

ಪ್ರಶ್ನೆ: ತರಬೇತಿಯಲ್ಲಿರುವ ನನ್ನ ತಮ್ಮ, ಊರಿಗೆ ಓಡಿಬರುತ್ತೇನೆ ಅನ್ನುತ್ತಿದ್ದಾನೆ. ಅಲ್ಲಿದ್ದುಕೊಂಡು ದೂರು ಕೊಡುವ ದಾರಿ ಇದೆಯೇ?
(ಓದುಗರು, ಗದಗ)

ಉತ್ತರ: ಓಡಿಬರುವುದನ್ನು ಹೇಗಾದರೂ ತಡೆಯಿರಿ. ರಜೆಯಿಲ್ಲದೆ ಹೊರಟರೆ ಅದೇ ಅಪರಾಧ, 3 ವರ್ಷದವರೆಗೆ ಜೈಲು. 30 ದಿನ ಕಳೆದರೆ ಕೋರ್ಟ್ ಆಫ್ ಎನ್‌ಕ್ವೈರಿ (ಸೇನೆಯ ವಿಚಾರಣಾ ಮಂಡಳಿ) ಕೂರುತ್ತದೆ, ಅಲ್ಲಿಂದ ಮುಂದೆ ಪರಾರಿ ಎಂಬ ಹಣೆಪಟ್ಟಿ. ಹೊಡೆತ ತಿಂದವನು ಆರೋಪಿಯಾಗುವುದು ಹೀಗೆಯೇ.

26ನೇ ಸೆಕ್ಷನ್ ಅವನಿಗೆ ದೂರಿನ ಹಕ್ಕು ಕೊಟ್ಟಿದೆ. ಸೀನಿಯರ್ ಜೆಸಿಒ ಮೂಲಕ ಕಂಪನಿ ಕಮಾಂಡರ್ ಇಂಟರ್‌ವ್ಯೂ (ಖುದ್ದು ಭೇಟಿ) ಕೇಳಲಿ. ಅವರ ಮೇಲೆಯೇ ದೂರಿದ್ದರೆ ಅವರಿಗಿಂತ ಮೇಲಿನವರ ಬಳಿ ಹೋಗಬಹುದು. ದೂರು ಪಡೆದ ಅಧಿಕಾರಿ ಸಾಧ್ಯವಾದಷ್ಟು ಪೂರ್ತಿ ತನಿಖೆ ಮಾಡಲೇಬೇಕು ಎಂದು ಅದೇ ಸೆಕ್ಷನ್ ಹೇಳುತ್ತದೆ. ಬರಹದಲ್ಲಿ ಕೊಟ್ಟು, ಒಂದು ಪ್ರತಿ ಇಟ್ಟುಕೊಳ್ಳಲಿ. ಕಂಡದ್ದಷ್ಟೇ ಬರೆಯಲಿ, ಗೊತ್ತಿದ್ದೂ ಸುಳ್ಳು ಸೇರಿಸಿದರೆ, ಮುಖ್ಯ ಸಂಗತಿ ಮುಚ್ಚಿಟ್ಟರೆ 56ನೇ ಸೆಕ್ಷನ್ ಅವನ ಮೇಲೆಯೇ ತಿರುಗುತ್ತದೆ. ಹತ್ತು ಜನ ಏಟು ತಿಂದಿದ್ದರೆ ಹತ್ತು ಬೇರೆ ಬೇರೆ ದೂರು ಬರೆಯಬೇಕು. ಒಟ್ಟಾಗಿ ಸಹಿ ಹಾಕಿದ ಮನವಿಯನ್ನು ಸೇನೆ ಒಪ್ಪುವುದಿಲ್ಲ, ಅದನ್ನು ಗುಂಪು ಕಟ್ಟಿದಂತೆ ನೋಡುತ್ತದೆ. ವಿಡಿಯೋ ಮಾಡಿ ವಾಟ್ಸ್ಆ್ಯಪ್‌ಗೆ, ಪತ್ರಿಕೆಗೆ ಕೊಡುವುದೂ ಬೇಡ, ಅನುಮತಿಯಿಲ್ಲದೆ ಹಾಗೆ ಮಾಡುವುದು ಸೇನಾ ನಿಯಮಗಳಿಗೆ ವಿರುದ್ಧ.

ಪ್ರಶ್ನೆ: ಪೆಟ್ಟು ತಿನ್ನದೆ ಗಟ್ಟಿ ಸೈನಿಕ ಆಗುತ್ತಾನೆಯೇ?
(ನಿವೃತ್ತ ಶಿಕ್ಷಕರು, ಧಾರವಾಡ)

ಉತ್ತರ: ಆಗುತ್ತಾನೆ. ಅಮೆರಿಕದ ಮರೀನ್ ಪಡೆಯ ಪ್ಯಾರಿಸ್ ಐಲ್ಯಾಂಡ್ ಕೇಂದ್ರದಲ್ಲಿ 1956ರ ಏಪ್ರಿಲ್ 8ರ ರಾತ್ರಿ ಶಿಸ್ತು ಕಲಿಸುತ್ತೇನೆಂದು ಒಬ್ಬ ತರಬೇತುದಾರ ತನ್ನ ತುಕಡಿಯನ್ನು ರಿಬ್ಬನ್ ಕ್ರೀಕ್ ಎಂಬ ಉಪ್ಪುನೀರಿನ ತೊರೆಗೆ ಇಳಿಸಿದ. 6 ಹುಡುಗರು ಮುಳುಗಿ ಸತ್ತರು. ಆ ಬಳಿಕ ಅಲ್ಲಿ ತರಬೇತುದಾರರ ಮೇಲೆ ಮೇಲ್ವಿಚಾರಣೆ ಬಿಗಿಯಾಯಿತು. ಆದರೂ ಅದೇ ಕೇಂದ್ರದಲ್ಲಿ 2016ರಲ್ಲಿ ಕಪಾಳಕ್ಕೆ ಏಟು ತಿಂದ ಮರುಕ್ಷಣವೇ ಒಬ್ಬ ರಿಕ್ರೂಟ್ ಮೂರನೇ ಮಹಡಿಯಿಂದ ಬಿದ್ದು ಸತ್ತ. ಆ ಹುಡುಗನನ್ನೂ ಇತರರನ್ನೂ ಹಿಂಸಿಸಿದ ತರಬೇತುದಾರನಿಗೆ 2017ರಲ್ಲಿ 10 ವರ್ಷ ಜೈಲಾಯಿತು. ಎರಡೂ ಘಟನೆಗಳಲ್ಲಿ ಹಿಂಸೆ ಬೆಳೆದದ್ದು ಮೇಲಿನವರು ಕಣ್ಣು ಹಾಯಿಸದ ಹೊತ್ತಿನಲ್ಲಿ. ರಾತ್ರಿಯ ಬ್ಯಾರಕ್‌ಗೆ ಅಧಿಕಾರಿಯೊಬ್ಬರು ಹೇಳದೆ ಕೇಳದೆ ಬಂದು ಹೋದರೆ ಎಷ್ಟೋ ಹೊಡೆತ ತಪ್ಪುತ್ತದೆ.

ಪ್ರಶ್ನೆ: ದೂರಿಗೆ ಉತ್ತರವೇ ಬರದಿದ್ದರೆ?
(ಓದುಗರು, ಮಡಿಕೇರಿ)

ಉತ್ತರ: ಆರು ತಿಂಗಳು ಕಾದರೂ ನಿರ್ಧಾರವಾಗದಿದ್ದರೆ ಸಶಸ್ತ್ರ ಪಡೆಗಳ ನ್ಯಾಯಮಂಡಳಿಗೆ ಹೋಗಬಹುದು. ಮನೆಯವರು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗಕ್ಕೂ ಬರೆಯಬಹುದು, ಘಟನೆ ನಡೆದ ಒಂದು ವರ್ಷದೊಳಗೆ. ಸೇನೆಯ ವಿಷಯದಲ್ಲಿ ಆಯೋಗ ತಾನೇ ತನಿಖೆ ಮಾಡುವಂತಿಲ್ಲ, ಕೇಂದ್ರ ಸರ್ಕಾರದಿಂದ ವರದಿ ತರಿಸಿ ಶಿಫಾರಸು ಮಾಡುತ್ತದೆ. ಅಷ್ಟಾದರೂ ಕಡತವೊಂದು ದೆಹಲಿಯಲ್ಲಿ ತೆರೆದಂತಾಗುತ್ತದೆ. ಭೂಸೇನೆ ಮಾಹಿತಿ ಹಕ್ಕು ಕಾಯ್ದೆಯಿಂದ ಹೊರಗಿಲ್ಲ. 10 ರೂಪಾಯಿ ಶುಲ್ಕ ಕಟ್ಟಿ, ದೂರಿನ ಮೇಲೆ ಏನು ಕ್ರಮ ಆಯಿತೆಂದು ಕೇಳಿ. 30 ದಿನದಲ್ಲಿ ಉತ್ತರ ಕೊಡಬೇಕು.